ಪಾರ್ವತಿ ಮನೆಯ ರೇಡಿಯೊ, ಅವಳ ಪುಯಲ್

ಬೆಳಿಗ್ಗೆ ಫೋನಿನಲ್ಲಿ ಚಂಡಮಾರುತದ ಮುನ್ಸೂಚನೆ ಕಂಡದ್ದೇ ತಡ, ಪಾರ್ವತಿಯ ಮೇಲಿನ ಹಳೆಯ ಹೊಟ್ಟೆಕಿಚ್ಚು ಹೊತ್ತಿಕೊಂಡಿತು.

ಬಂಗಾರಪೇಟೆ ಪಕ್ಕದ ನಮ್ಮೂರಿನಲ್ಲಿ, ಅವಳೂ ನಾನೂ ಚಿಕ್ಕವರಿದ್ದಾಗ, ರೇಡಿಯೊ ಇದ್ದದ್ದು ಅವಳ ಮನೆಯಲ್ಲಿ ಮಾತ್ರ. ಅವಳಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು; ಅಲ್ಲಿನ ತಮಿಳು ಅವಳಿಗೂ ಬರುತ್ತಿತ್ತು. ಕೊಯ್ದ ರಾಗಿ ಹೊಲದಲ್ಲಿ ಒಣಗುವಾಗ ಮದರಾಸಿನ ಕಡಲಲ್ಲಿ ಗಾಳಿ ಎದ್ದರೆ ನಮ್ಮ ತೆನೆ ನೆನೆದು ಮೊಳೆಯುತ್ತಿತ್ತು. ಅದಕ್ಕೇ ಊರೆಲ್ಲ ಸಂಜೆ ಅವಳ ಜಗಲಿಯ ಮುಂದೆ ಕೂರುತ್ತಿತ್ತು. ಒಳಗೆ ತಮಿಳು ವಾರ್ತೆ ಕೇಳಿದ ಪಾರ್ವತಿ ಲಂಗ ಕೊಡವಿಕೊಂಡು ಹೊಸ್ತಿಲಿಗೆ ಬಂದು, "ಪುಯಲ್ ಬತ್ತೈತಂತೆ, ದೊಡ್ ಗಾಳಿಮಳೆ. ಬಿರ್ನೆ ಮೆದೆ ಆಕ್ಕಳಿ" ಎನ್ನುತ್ತಿದ್ದಳು. ಮುದುಕರೂ ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಒಂದು ಸಲ ಗಾಳಿ ನೆಲ್ಲೂರಿನತ್ತ ತಿರುಗಿತು. ಒಣಗುವ ಮೊದಲೇ ಒಟ್ಟಿದ ಮೆದೆಗಳು ಬಿಸಿಯೇರಿ ಮುಗ್ಗಲು ಹಿಡಿದವು. ಅವಳ ಗತ್ತು ಮುಗಿಯಿತೆಂದು ನಾನು ಹಿಗ್ಗಿದೆ. ನಮ್ಮವ್ವ ಮಾತ್ರ ಅವಳ ತಲೆ ಸವರಿ, "ಗಾಳಿ ದಾರಿ ಬಿಟ್ಟೋದ್ರೆ ಮಗು ಏನ್ ಮಾಡ್ತೈತೆ" ಎಂದಳು. ನನ್ನ ತಲೆಗೆ ಆ ಕೈ ಬರುತ್ತಿದ್ದದ್ದು ಹೇನು ಹೆಕ್ಕುವಾಗ ಮಾತ್ರ.

ಈ ಸಲ ಸುದ್ದಿ ನನಗೇ ಮೊದಲು ಸಿಕ್ಕಿತೆಂದುಕೊಂಡು ಸೆರಗು ಕೊಡವಿಕೊಂಡು ಹೊಸ್ತಿಲಿಗೆ ಬಂದೆ. "ಪುಯಲ್ ಬತ್ತೈತೆ" ಎಂದೆ.

ಜಗಲಿಯಲ್ಲಿದ್ದ ಸೊಸೆ ತನ್ನ ಫೋನಿನಿಂದ ತಲೆಯೆತ್ತಲಿಲ್ಲ. "ಗೊತ್ತತ್ತೆ, ನಿನ್ನೇನೇ ಬಂದಿತ್ತು."