ಶಾಮೀದಸಾಬರ ಪೆಟ್ರೋಲ್ ಫಿಲ್ಟರ್

ಮಸ್ಕಿಯ ಬಟ್ಟೆ ವ್ಯಾಪಾರಿ ಶಾಮೀದಸಾಬರ ಅಂಗಡಿಯಲ್ಲಿ ಕುಪ್ಪಸದ ಖಣ ಕೇಳಿದರೂ ಮೊದಲು ಹೊರಬರುವುದು ಅವರ ಟರ್ಬೊ ಕಾರಿನಿಂದ ತೆಗೆದ ಹಳೆಯ ಫಿಲ್ಟರ್. “ನೋಡ್ರಿ, ಈ ಎಥನಾಲ್ ಪೆಟ್ರೋಲು ಟ್ಯಾಂಕಿನ ಕಸಾ ಎಲ್ಲಾ ಎಬ್ಬಿಸಿ ತಂದು ಇದರಾಗ ತುಂಬೈತಿ!” ಎಂದು ಗಾದಿಯ ಮೇಲೆ ಕೂತೇ ಗುಡುಗುತ್ತಾರೆ. ಅವರ ಲೆಕ್ಕದಲ್ಲಿ ಹಾಲು ಒಡೆದರೂ ಎಥನಾಲ್, ಕರೆಂಟು ಹೋದರೂ ಎಥನಾಲ್. ಲಿಂಗಸುಗೂರಿನ ಮೆಕ್ಯಾನಿಕ್ ವಾಸಿಂ “ಹ್ವಾದ ತಿಂಗಳ ಹಾಕಿದ್ದು, ಇನ್ನಾ ಛಲೋ ಐತ್ರಿ ಚಾಚಾ” ಎಂದರೂ ಹಟ ಹಿಡಿದು ಹೊಸದು ಹಾಕಿಸುತ್ತಾರೆ. ಇಷ್ಟೆಲ್ಲ ಮಾಡಿ ಸಿಂಧನೂರಿನ ರಸ್ತೆಗಿಳಿದರೆ ಮೂರು ಗಾಲಿಯ ಟಂಟಂಗಳೂ ಆ ಕಾರನ್ನು ದಾಟಿ ಹೋಗುತ್ತವೆ. ಹಿಂದಿನ ಸೀಟಿನವರು “ಜರಾ ಜೋರ ಬಿಡ್ರಲಾ” ಎಂದರೆ ಸಾಬರು ತುಟಿಗೆ ಬೆರಳಿಟ್ಟು ಪಕ್ಕದ ಸೀಟು ತೋರಿಸುತ್ತಾರೆ. ಮೊಣಕಾಲು ನೋವಿನಿಂದ ರಾತ್ರಿಯಿಡೀ ಕಣ್ಣು ಮುಚ್ಚದ ಹೆಂಡತಿ ರಾಜಾಬೀ ಅಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. “ಫಿಲ್ಟರ್ ಕಟ್ಟಿಕೊಂಡ್ರ ಗಾಡಿ ಜರ್ಕ್ ಹೊಡಿತೈತಿ,” ಎಂದು ಸಾಬರು ಪಿಸುಗುಡುತ್ತಾರೆ, “ಆಕಿ ಎದ್ದುಬಿಡ್ತಾಳ.”