ಅಳಿಸಿಹೋದ ಸೂಚನೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸುಗಳಿಗೆ ಕಂಟ್ರೋಲ್ ಕಾರ್ಡ್ ಮಾಡಿಕೊಟ್ಟವರು ನಾವು. ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಬರೆದವನು ನಾನು. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಬೆಳಕಿನ ಪರದೆ ಇರುತ್ತದೆ. ಕೈ ಒಳಗೆ ಹೋಗಿ ಬೆಳಕು ಕಡಿದರೆ ಕಾರ್ಡಿಗೆ ಇಂಟರಪ್ಟ್ ಬರುತ್ತದೆ: ಬೇರೆ ಕೆಲಸವೆಲ್ಲ ಬಿಟ್ಟು ಮೊದಲು ಯಂತ್ರ ನಿಲ್ಲಿಸು ಎಂಬ ಸೂಚನೆ. ಒಂದು ದಿನ ಯಂತ್ರ ನಿಲ್ಲಲಿಲ್ಲ. ಅದರ ಮುಂದೆ ಕೂತಿದ್ದ ಹೆಂಗಸಿನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು.

"ಅವ್ರೇ ಆ ಬೆಳಕಿನ ಸೆನ್ಸರ್ ಬೈಪಾಸ್ ಮಾಡಿರ್ತಾರೆ ಗುರು, ಬೇಗ ಬೇಗ ಪೀಸ್ ತೆಗಿಯೋಕೆ. ಒಂದ್ಸಲ ಚೆಕ್ ಮಾಡಿ ರಿಪೋರ್ಟ್ ಕೊಟ್ಬಿಡಿ" ಎಂದರು ನಮ್ಮ ಮ್ಯಾನೇಜರ್. ಹಾಗೇ ಆಗಿರಲಿ ಎಂದು ನಾನೂ ಬಯಸಿದೆ.

ಕಾರ್ಖಾನೆಯ ಮೂಲೆಯ ಮೇಜಿನ ಮೇಲೆ ಕಾರ್ಡ್ ಇಟ್ಟುಕೊಂಡು ಎರಡು ದಿನ ಪರೀಕ್ಷೆ ಮಾಡಿದೆ. ಬೆಳಕು ಕಡಿದಾಗಲೆಲ್ಲ ನಿಲ್ಲಿಸುವ ಆಜ್ಞೆ ಸರಿಯಾಗಿ ಹೋಗುತ್ತಿತ್ತು. ಮೂರನೆಯ ದಿನ ಕಾರ್ಖಾನೆಯಲ್ಲೇ ಆ ಹೆಂಗಸನ್ನು ಹುಡುಕಿಕೊಂಡು ಹೋದೆ. ಕೊಪ್ಪಳದ ಕಡೆಯವರು, ಲಗ್ಗೆರೆಯಲ್ಲಿ ಬಾಡಿಗೆ ಕೋಣೆ. ಕೆಲಸಕ್ಕೆ ಮರಳಿದ ಮೇಲೆ ಅವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದ್ದರು. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲಿ ಡಬ್ಬಿ ತುಂಬುತ್ತಿದ್ದರು.

"ಒಮ್ಮೊಮ್ಮಿ ನಿಂದ್ರಂಗಿಲ್ಲ ಅಂತ ಮೊದ್ಲ ಹೇಳಿದ್ನಲ್ರಿ ಸರ" ಎಂದರು.

ಹೌದು. ಸೂಪರ್‌ವೈಸರ್ ಅದನ್ನು ನನಗೆ ಮೇಲ್ ಮಾಡಿದ್ದರು. ಕಾರ್ಡಿನಲ್ಲಿ ದಾಖಲಾದ ಲಾಗ್ ಕಳಿಸಿ, ನೋಡೋಣ ಎಂದು ಉತ್ತರಿಸಿ ನಾನು ಮರೆತಿದ್ದೆ.

"ಯಾವಾಗ ಹಾಗಾಗ್ತಿತ್ತು?"

"ಪೀಸಿನ ಎಣಿಕಿ ಟಕ್ ಅಂತ ಬೀಳತೈತಲ್ರಿ, ಅದ ಹೊತ್ತಿಗೆ ಕೈ ಹೋದ್ರ ನಿಂದ್ರತಿರಲಿಲ್ಲ."

ವಾಪಸ್ ಬಂದು, ಪ್ರತಿ ಪೀಸಿಗೂ ಬರುವ ಎಣಿಕೆಯ ಸೂಚನೆ, ಬೆಳಕಿನ ಸೂಚನೆ ಎರಡನ್ನೂ ಒಟ್ಟಿಗೆ ಕಾರ್ಡಿಗೆ ಕೊಡತೊಡಗಿದೆ. ಹಲವು ಸಲ ಸರಿಯಾಗಿಯೇ ನಡೆಯಿತು. ಆಮೇಲೊಮ್ಮೆ ನಿಲ್ಲಿಸುವ ಆಜ್ಞೆ ಹೋಗಲೇ ಇಲ್ಲ. ನನ್ನ ಕೋಡ್ ತೆರೆದೆ. ಪ್ರತಿ ಸೂಚನೆ ಬಂದಾಗಲೂ ಕಾರ್ಡಿನಲ್ಲಿ ಅದರದೇ ಒಂದು ಗುರುತು ಬೀಳುತ್ತದೆ. ಎಣಿಕೆಯ ಕೆಲಸ ಮುಗಿಸಿದ ಮೇಲೆ ಆ ಒಂದು ಗುರುತನ್ನು ಮಾತ್ರ ಅಳಿಸಬೇಕಿತ್ತು. ನಾನು ಎಲ್ಲ ಗುರುತುಗಳನ್ನೂ ಒಂದೇ ಸಾಲಿನಲ್ಲಿ ಅಳಿಸಿದ್ದೆ. ಆ ಕ್ಷಣದಲ್ಲೇ ಬಂದ ಬೆಳಕಿನ ಸೂಚನೆಯೂ ಅದರ ಜೊತೆ ಹೋಗುತ್ತಿತ್ತು.

ಸಾಲನ್ನು ತಿದ್ದಿದೆ. ಸಂಜೆಯವರೆಗೆ ಪರೀಕ್ಷಿಸಿದೆ, ಮತ್ತೆ ತಪ್ಪಲಿಲ್ಲ. ಅಳು ಬರಬಹುದು ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಯಾರೋ ಬರೆದ ಕೋಡ್ ನೋಡಿದಂತೆ ಅದನ್ನು ನೋಡುತ್ತ ಕೂತೆ. ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ. "ಇರ್ಲಿ, ರಿಪೋರ್ಟಲ್ಲಿ ಬರೀ ಸಾಫ್ಟ್‌ವೇರ್ ಅಪ್‌ಡೇಟ್ ಅಂತ ಹಾಕಿ" ಎಂದರು.

ಮರುದಿನ ಹೋಗಿ ಆ ಹೆಂಗಸಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಕೇಳಿದ್ದು ಇಷ್ಟೇ: "ಹಂಗಾರ ನಂದ ತಪ್ಪಲ್ಲಂತ ಬರದು ಕೊಡ್ರಿ. ಇಲ್ಲಿ ಎಲ್ಲಾರೂ ನಾನ ಏನೋ ಮಾಡಿಕೊಂಡೀನಿ ಅಂತಾರ. ಕನ್ನಡದಾಗ ಬರೀರಿ, ನಾ ಓದ್ತೀನಿ."

ಅಲ್ಲೇ ಪ್ಯಾಕಿಂಗ್ ಮೇಜಿನ ಮೇಲೆ ಬರೆದೆ. ಬೆಳಕಿನ ಪರದೆಯನ್ನು ಯಾರೂ ಬೈಪಾಸ್ ಮಾಡಿರಲಿಲ್ಲ. ಕೈ ಒಳಗಿದೆ ಎಂಬ ಸೂಚನೆ ಬಂದಿತ್ತು. ನಾನು ಬರೆದ ತಪ್ಪು ಸಾಲಿನಿಂದ ಅದು ಅಳಿಸಿಹೋಯಿತು. ಕೆಳಗೆ ಸಹಿ ಹಾಕಿದೆ. ಅವರು ಎರಡು ಸಲ ಓದಿ, ಹಾಳೆ ಹಿಡಿದುಕೊಂಡು ನೇರ ಸೂಪರ್‌ವೈಸರ್ ಕೋಣೆಗೆ ನಡೆದರು.

ಊಟದ ಸೈರನ್ ಆಯಿತು. ನಾನು ಕ್ಯಾಂಟೀನಿಗೆ ಹೋಗಿ ಅನ್ನ ಸಾರು ತಿಂದೆ. ರುಚಿ ಗೊತ್ತಾಗಲಿಲ್ಲ.