ಅಮ್ಮ ಎತ್ತಿದ ಹಲಗೆ

ನಮ್ಮಮ್ಮನಿಗೆ ಜಲಪಾತವೆಂದರೆ ಅಷ್ಟಕ್ಕಷ್ಟೆ. "ಬೀಳೋ ನೀರು ನೋಡೋಕೆ ಬಸ್ಸಿಗೆ ದುಡ್ಡು ಕೊಟ್ಟು ಹೋಗ್ಬೇಕಾ? ಮಳೆಗಾಲ ಬರ್ಲಿ, ನಮ್ಮ ಬಚ್ಚಲ ಮಾಡಿನ ಹೆಂಚಿಂದ್ಲೇ ಬೀಳ್ತದೆ, ಕೂತ್ಕೊಂಡು ನೋಡು" ಎನ್ನುತ್ತಿದ್ದಳು.

ನಾನಾಗ ಚಿಕ್ಕಮಗಳೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಪಕ್ಕದ ಮೇಜಿನ ಗೆಳತಿಗೂ ನನಗೂ ಒಂದೇ ಹುಚ್ಚು. ಭಾನುವಾರ ಬಂದರೆ ಸಾಕು, ಮೊದಲ ಬಸ್ಸು ಹಿಡಿದು ಕಳಸವೋ ಕೊಟ್ಟಿಗೆಹಾರವೋ, ಎಲ್ಲಾದರೂ ಇಳಿದು, ಬಿಸಿ ನೀರುದೋಸೆ ತಿಂದು, ಹತ್ತಿರದಲ್ಲಿ ಅಬ್ಬಿ ಇದೆಯಾ ಎಂದು ಕಂಡಕಂಡವರನ್ನೆಲ್ಲ ಕೇಳುವುದು. ನಮ್ಮ ಕಡೆ ಜಲಪಾತಕ್ಕೆ ಅಬ್ಬಿ ಎನ್ನುವುದೇ ರೂಢಿ. "ಇಲ್ಲೇ, ಒಂದು ಕೂಗಳತೆ" ಎನ್ನುತ್ತಿದ್ದರು. ಮಲೆನಾಡಿನವರ ಕೂಗು ಎಷ್ಟು ದೂರ ಹೋಗುತ್ತದೆಂದು ನಮ್ಮ ಕಾಲುಗಳನ್ನು ಕೇಳಬೇಕು. ಗುಡ್ಡ ಹತ್ತಿ, ಗುಡ್ಡ ಇಳಿದು, ಕಾಲಿಗೆ ಕಚ್ಚಿ ರಕ್ತ ಹೀರುವ ಇಂಬಳಗಳನ್ನು ಸುಣ್ಣ ಹಚ್ಚಿ ಬೀಳಿಸಿ, ಇನ್ನು ಸಾಕಪ್ಪಾ ಎನ್ನುವಷ್ಟರಲ್ಲಿ ಮರಗಳ ಆಚೆಯಿಂದ ಆ ಸದ್ದು ಬರುತ್ತಿತ್ತು. ಕೇಳಿದ್ದೇ ತಡ, ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡುತ್ತಿದ್ದೆವು. ಮೈಯೆಲ್ಲ ತೊಪ್ಪೆಯಾಗುವವರೆಗೆ ನೀರಿನಡಿ ನಿಂತು, ಅದೇ ಒದ್ದೆ ಬಟ್ಟೆಯಲ್ಲಿ ಬಸ್ಸು ಹತ್ತಿ, ಕಂಡಕ್ಟರನಿಂದ ಬೈಸಿಕೊಂಡು ಮನೆಗೆ ಬರುವುದು. ಆಹಾ, ಆ ದಿನಗಳೇ ದಿನಗಳು.

ಒಂದು ಡಿಸೆಂಬರಿನಲ್ಲಿ ಕೊಟ್ಟಿಗೆಹಾರದ ಆಚೆ ಒಂದು ಎಸ್ಟೇಟಿನೊಳಗೆ ಹೀಗೇ ಅಬ್ಬಿ ಹುಡುಕಿಕೊಂಡು ಹೋದಾಗ ಅದರ ಜೊತೆಗೆ ಇನ್ನೊಂದು ಸಿಕ್ಕಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಪಕ್ಕದಲ್ಲಿ, ಬಳ್ಳಿ ಪಾಚಿಗಳನ್ನು ಮೈತುಂಬ ಹೊದ್ದುಕೊಂಡು ನಿಂತಿದ್ದ, ಎರಡಾಳು ಎತ್ತರದ ಕಬ್ಬಿಣದ ಚಕ್ರ. ಅದರ ಸುತ್ತ ನೀರು ಹಿಡಿಯುವ ತೊಟ್ಟಿಗಳು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ನೀರು ಬೀಳುವುದನ್ನು ಬೇಕಾದಷ್ಟು ನೋಡಿದ್ದೆ. ಬೀಳುವ ನೀರಿಗೆ ಯಾರೋ ಕೆಲಸ ಹಚ್ಚಿದ್ದನ್ನು ಕಂಡದ್ದು ಅದೇ ಮೊದಲು.

ಎಸ್ಟೇಟಿನ ಸಾಹುಕಾರರು ನಮ್ಮನ್ನು ಕರೆದು ಕಾಫಿ ಕೊಟ್ಟರು. ಐವತ್ತರ ಆಸುಪಾಸಿನ, ನಗುಮುಖದ ಮನುಷ್ಯ. ಅವರ ತಂದೆಯ ಕಾಲದಲ್ಲಿ ಅಬ್ಬಿಯಿಂದ ಕಾಲುವೆಯಲ್ಲಿ ನೀರು ತಂದು ಆ ಚಕ್ರದಿಂದಲೇ ಪಲ್ಪರ್ ಓಡಿಸುತ್ತಿದ್ದರಂತೆ. ಆಮೇಲೆ ಡೀಸೆಲ್ ಎಂಜಿನ್ ಬಂತು, ಅದರ ಹಿಂದೆ ಕರೆಂಟ್ ಮೋಟಾರು ಬಂತು, ಚಕ್ರವನ್ನು ಕೇಳುವವರೇ ಇಲ್ಲವಾಯಿತು. ಬೇಸಿಗೆಯಲ್ಲಿ ಗುಜರಿಯವರಿಗೆ ಕೊಟ್ಟು ಆ ಜಾಗದಲ್ಲಿ ಗೋಡೌನ್ ಕಟ್ಟುವುದೆಂದು ನಿಶ್ಚಯವಾಗಿದೆ ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಅವರೆಕಾಳು ಹಿಚುಕುತ್ತಾ ಕೂತಿದ್ದಳು. ಯಾವಾಗಲೂ ಹೂಂಗುಟ್ಟುತ್ತಾ ಕೇಳುವವಳು ಈ ಸಲ ಕೈ ನಿಲ್ಲಿಸಿದಳು.

"ಅಬ್ಬಿ ಎರಡು ಕವಲಾಗಿ ಬೀಳ್ತದಾ? ಪಕ್ಕದಲ್ಲಿ ದೊಡ್ಡ ಬೈನೆ ಮರ ಇದ್ಯಾ?"

"ಮರ ಇಲ್ಲ. ಕವಲು ಹೌದು."

"ಮರ ಬಿದ್ದಿರ್ಬೇಕು. ನಾನು ಅಲ್ಲೇ ಕಣೆ ಕೆಲ್ಸ ಮಾಡ್ತಿದ್ದಿದ್ದು."

ಅಮ್ಮ ಹುಡುಗಿಯಾಗಿದ್ದಾಗ ಎಸ್ಟೇಟಿನಲ್ಲಿ ಕೂಲಿ ಮಾಡಿದ್ದಳೆಂದು ನನಗೆ ಗೊತ್ತಿತ್ತು. ಇಂಥದೊಂದು ಚಕ್ರದ ಸುದ್ದಿಯನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಆ ಸಂಜೆ ಎಲ್ಲ ಹೊರಗೆ ಬಂತು. ಪ್ರತಿ ವರ್ಷ ಹಣ್ಣಿನ ಕೊಯ್ಲು ಶುರುವಾದಾಗ ಚಕ್ರಕ್ಕೆ ಕುಂಕುಮ ಇಟ್ಟು, ಕಾಯಿ ಒಡೆದು, ಕಾಲುವೆಗೆ ಅಡ್ಡ ಇಟ್ಟ ಹಲಗೆ ಎತ್ತಿ ನೀರು ಬಿಡುತ್ತಿದ್ದರು. ಹಲಗೆ ಮುಟ್ಟುವುದು ಗಂಡಸರು ಮಾತ್ರ. ಅಷ್ಟು ಹೊತ್ತು ಹೆಣ್ಣಾಳುಗಳೆಲ್ಲ ಪಲ್ಪರ್ ಮನೆಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಚಕ್ರ ಹೊರಡುವಾಗ ಹೆಣ್ಣಿನ ಕಣ್ಣು ಬಿದ್ದರೆ ಅದು ಮುನಿಸಿಕೊಂಡು ನಿಂತುಬಿಡುತ್ತದೆಂದು ನಂಬಿಕೆ. ಹೊರಟ ಮೇಲೆ ಹಣ್ಣು ಹೊರುವುದು, ಕಾಳು ತೊಳೆಯುವುದು, ಕಣದಲ್ಲಿ ಹರಡುವುದು ಎಲ್ಲ ಹೆಣ್ಣಾಳುಗಳದೇ. ಆಗ ಚಕ್ರಕ್ಕೆ ಯಾವ ಮುನಿಸೂ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ಎಲ್ಲರಿಗಿಂತ ಮೊದಲೇ ಹೋಗಿ ಹಲಗೆಗೆ ಕೈ ಹಾಕಿದ್ದಳಂತೆ. ಮೇಸ್ತ್ರಿ ಬಂದು ಬೆತ್ತದಿಂದ ಬಾರಿಸಿದ.

"ಎತ್ತೇಬಿಡ್ತಿದ್ದೆ. ಆಗ್ಲೇ ಒಂದು ಗೇಣು ಎದ್ದಿತ್ತು" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಸತ್ತು ಎಷ್ಟು ಕಾಲವಾಯಿತೋ ಏನೋ, ಆ ಮೇಸ್ತ್ರಿಯನ್ನು ಮನಸಾರೆ ಬೈದೆ. ಅಮ್ಮ ನನ್ನನ್ನು ಅರ್ಧಕ್ಕೇ ತಡೆದಳು. "ಅವ್ನ ಸುದ್ದಿ ಬಿಡು ಮಾರಾಯ್ತಿ. ಆ ಚಕ್ರ ನಿಂತಲ್ಲಿಂದ ಹೊರಡೋದನ್ನ ನಾನು ನೋಡೇ ಇಲ್ಲ. ಮಾರೋ ಮೊದ್ಲು ಒಂದ್ಸಲ ನಾನೇ ಹಲಗೆ ಎತ್ಬೇಕು."

ಮುಂದಿನ ಭಾನುವಾರ ಮೊದಲ ಬಸ್ಸಿಗೆ ನಮಗಿಂತ ಮುಂಚೆ ತಯಾರಾಗಿ ನಿಂತವಳು ಅಮ್ಮ. ಸಾಹುಕಾರರ ಅಂಗಳದಲ್ಲಿ ನಿಂತು ಪೀಠಿಕೆಯಿಲ್ಲದೆ ಕೇಳಿದಳು.

"ಸಾವ್ಕಾರ್ರೆ, ನಿಮ್ಮ ತಂದೆಯವ್ರ ಕಾಲ್ದಲ್ಲಿ ಇಲ್ಲಿ ದುಡಿದವ್ಳು ನಾನು. ಚಕ್ರಕ್ಕೆ ಒಂದ್ಸಲ ನೀರು ಬಿಡ್ಬೇಕು. ಹಲಗೆ ನಾನೇ ಎತ್ತೋದು."

ಅವರು ತಲೆ ಕೆರೆದುಕೊಂಡರು. "ಅಪ್ಪ ಇದ್ದಿದ್ರೆ ಒಪ್ತಿರ್ಲಿಲ್ಲ ಅಮ್ಮಾ."

"ಅದ್ಕೇ ನಿಮ್ಮನ್ನ ಕೇಳ್ತಿರೋದು."

ಸಾಹುಕಾರರು ಜೋರಾಗಿ ನಕ್ಕರು. ಆಳುಗಳೆಲ್ಲ ಕೊಯ್ಲಿನಲ್ಲಿದ್ದಾರೆ, ಕಾಲುವೆ ನೀವೇ ಬಿಡಿಸಿಕೊಳ್ಳುವುದಾದರೆ ಅಡ್ಡಿಯಿಲ್ಲ ಎಂದರು.

ಹಾಗಾಗಿ ಆ ಜನವರಿಯ ಭಾನುವಾರಗಳೆಲ್ಲ ಕಾಲುವೆಯಲ್ಲೇ ಕಳೆದವು. ಟೈಪ್‌ರೈಟರ್ ಕುಟ್ಟುವ ಕೈಗಳು ಗುದ್ದಲಿ ಹಿಡಿದವು. ಕೊಳೆತ ಎಲೆ, ಬೇರು, ಮಣ್ಣು ತೆಗೆದಷ್ಟೂ ಬರುತ್ತಿತ್ತು. ಗೆಳತಿ ಪಾಚಿಯ ಮೇಲೆ ಜಾರಿ ಕೆಸರಿಗೆ ಬಿದ್ದು, ಎದ್ದು, ನಗು ತಡೆಯಲಾಗದೆ ಮತ್ತೆ ಬಿದ್ದಳು. ಅಮ್ಮ ದಡದಲ್ಲಿ ನಿಂತು "ಅಲ್ಲಿ ಇನ್ನೂ ಆಳ ತೆಗೀರಿ, ಕೈಯಲ್ಲಿ ಶಕ್ತಿ ಇಲ್ವಾ?" ಎಂದು ಥೇಟ್ ಮೇಸ್ತ್ರಿಯ ಹಾಗೆ ಗದರುತ್ತಿದ್ದಳು. ಹಳೆ ಹಲಗೆ ಕೊಳೆತು ಲಡ್ಡಾಗಿತ್ತು, ಹೊಸದು ಹಾಕಿಸಿದೆವು. ಚಕ್ರದ ಅಚ್ಚಿಗೆ ಸೀಮೆಎಣ್ಣೆ ಸುರಿದು, ಗ್ರೀಸು ಮೆತ್ತಿ, ಎಲ್ಲರೂ ಸೇರಿ ನೂಕಿದಾಗ ಅದು ಒಂದು ಸಲ ಕಿರ್ರ್ ಎಂದು ಮಿಸುಕಿತು. ಸಂತೋಷಕ್ಕೆ ನಾನೂ ಗೆಳತಿಯೂ ಗ್ರೀಸು ಕೈಗಳಲ್ಲೇ ತಬ್ಬಿಕೊಂಡೆವು.

ಕೊನೆಗೂ ಆ ದಿನ ಬಂತು. ಬಿಸಿಲು ಫಳಫಳ ಎನ್ನುತ್ತಿತ್ತು. ಚಕ್ರದ ಕೆಳಗಿನ ಸಿಮೆಂಟು ಕಣದಲ್ಲಿ ಸಿಪ್ಪೆ ಸುಲಿದು, ತೊಳೆದು ಹರಡಿದ ಪಾರ್ಚ್‌ಮೆಂಟ್ ಕಾಫಿ, ಕಣ್ಣು ಹಾಯಿಸಿದಷ್ಟು ದೂರ ಒಣಗುತ್ತಿತ್ತು. ಸಾಹುಕಾರರ ಮನೆಯವರು ಕಾಯಿ, ಕುಂಕುಮ ತಂದರು. ಅಮ್ಮ ಚಕ್ರಕ್ಕೆ ಕೈಮುಗಿದು, ಮೆಟ್ಟಿಲು ಹತ್ತಿ, ಅದರ ನೆತ್ತಿಯ ಮೇಲಿನ ಕಾಲುವೆಯ ಹತ್ತಿರ ಹೋದಳು. ಸೆರಗು ಬಿಗಿದು ಸಿಕ್ಕಿಸಿಕೊಂಡು, ಕೆಳಗೆ ನಿಂತ ಸಾಹುಕಾರರ ಕಡೆ ತಿರುಗಿ, "ನೀವು ಗೋಡೆ ಕಡೆ ತಿರುಗೋದು ಬೇಡ, ನೋಡ್ಬಹುದು" ಎಂದಳು. ಅವರು ಗಂಭೀರವಾಗಿ ತಲೆಬಾಗಿಸಿದರು.

ಹಲಗೆ ನೀರು ಕುಡಿದು ಉಬ್ಬಿ ಕಚ್ಚಿಕೊಂಡಿತ್ತು. ಅಮ್ಮ ಎಳೆದಳು. ಅಲ್ಲಾಡಲಿಲ್ಲ. ಪಕ್ಕದಲ್ಲಿದ್ದ ನಾನು ಕೈ ಚಾಚಿದೆ. ಮೊಣಕೈಯಿಂದ ನನ್ನನ್ನು ಆಚೆ ತಳ್ಳಿ, ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ಹಲಗೆ ಎದ್ದಿತು. ತಡೆದು ನಿಂತಿದ್ದ ನೀರು ಭೋರೆಂದು ನುಗ್ಗಿ ಚಕ್ರದ ಮೇಲೆ ಬಿತ್ತು. ಮೊದಲ ತೊಟ್ಟಿ ತುಂಬಿತು, ಚೆಲ್ಲಿತು. ಚಕ್ರ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಹೆಣ್ಣಿನ ಕೈ ತಗುಲಿ ಮುನಿಸಿಕೊಂಡಿತು ಎಂದು ಯಾರಾದರೂ ಬಾಯಿ ಬಿಟ್ಟರೆ ಅವರನ್ನು ಕಾಲುವೆಗೇ ನೂಕುತ್ತಿದ್ದೆ. ಒಳಗೊಳಗೇ ಬೇಡಿಕೊಂಡೆ, ತಿರುಗು, ಒಂದೇ ಒಂದು ಸಲ ತಿರುಗು. ಅಷ್ಟರಲ್ಲಿ ಪಾಚಿಯ ಒಂದು ಹೆಂಟೆ ಕಳಚಿ ಬಿತ್ತು. ಚಕ್ರ ನರಳಿತು, ಒಂದಿಷ್ಟು ಸರಿಯಿತು, ಹಿಂದೆ ತೂಗಿ ಮತ್ತೆ ನಿಂತಿತು.

ಆಗಲೇ ಕೆಳಗಿನಿಂದ ಸಾಹುಕಾರರ ಮನೆಯವರ ಕೂಗು ಕೇಳಿತು. "ಕಣಕ್ಕೆ ನೀರು ನುಗ್ತಾ ಇದೆ, ಬನ್ನಿ."

ನೀರು ಬರುವ ದಾರಿಯನ್ನು ಇಡೀ ತಿಂಗಳು ಕೆರೆದಿದ್ದೆವು. ಹೋಗುವ ದಾರಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಚಕ್ರದಿಂದ ಹಳ್ಳಕ್ಕೆ ಹೋಗುತ್ತಿದ್ದ ಚರಂಡಿಯನ್ನು ಮುಚ್ಚಿ, ಅದರ ಮೇಲೇ ಕಣವನ್ನು ಅಗಲ ಮಾಡಿದ್ದರು. ಚಪ್ಪಟೆ ಜಾಗ ಕಂಡರೆ ಕಾಫಿ ಒಣಗಿಸದೆ ಬಿಡುವ ಜನವಲ್ಲ ನಾವು. ಸಾಹುಕಾರರು ಪಂಚೆ ಎತ್ತಿ ಕಟ್ಟಿ ಗುದ್ದಲಿ ಹಿಡಿದು ಓಡಿದರು. ಗೆಳತಿ ಪೊರಕೆ ಹಿಡಿದಳು. ಸಿಕ್ಕಿದವರೆಲ್ಲ ಬುಟ್ಟಿ, ಟಾರ್ಪಾಲು ಹಿಡಿದು ಕಾಫಿಯನ್ನು ಬಾಚತೊಡಗಿದರು.

"ಅಮ್ಮಾ, ಹಲಗೆ ಕೆಳಗೆ ಬಿಡು. ಕಾಫಿ ನೆನೀತಾ ಇದೆ" ಎಂದು ನಾನು ಕೂಗಿದೆ.

ಹಲಗೆ ಬಿಟ್ಟರೆ ಚಕ್ರದ ಕಥೆ ಅಲ್ಲಿಗೆ ಮುಗಿಯಿತು. ಸಾಹುಕಾರರು ಇನ್ನೊಂದು ಸಲ ಒಪ್ಪುವ ಮಾತೇ ಇರಲಿಲ್ಲ. ಆದರೂ ಅಮ್ಮ ಬಿಡುತ್ತಾಳೆಂದೇ ನಾನು ತಿಳಿದಿದ್ದೆ. ಯಾರದೇ ಅಂಗಳದ ಕಾಫಿಯಾಗಲಿ, ಒಂದು ಹನಿ ಬಿದ್ದರೆ ಉಣ್ಣುವ ತಟ್ಟೆ ಬಿಟ್ಟು ಓಡಿ ಬಾಚಿದವಳು ಅವಳು. ನಮಗೆಲ್ಲ ಕಲಿಸಿದ್ದೂ ಅದನ್ನೇ.

ಅಮ್ಮ ಕಣದ ಕಡೆ ಒಂದು ಸಲ ನೋಡಿದಳು. ಆಮೇಲೆ ಹಲಗೆಯನ್ನು ಇನ್ನೂ ಮೇಲಕ್ಕೆತ್ತಿ ಹೆಗಲು ಕೊಟ್ಟು ನಿಂತಳು.

"ನೆನೀಲಿ" ಎಂದಳು. "ಒಣಗ್ತದೆ."

ನೀರು ದುಪ್ಪಟ್ಟಾಗಿ ಬಿತ್ತು. ಎರಡನೆಯ ತೊಟ್ಟಿ ತುಂಬಿತು, ಮೂರನೆಯದು ತುಂಬಿತು, ಬಳ್ಳಿಗಳು ಪಟಪಟ ಹರಿದವು, ಚಕ್ರ ಹೊರಟೇಬಿಟ್ಟಿತು. ಕೆಳಗೆ ಸಾಹುಕಾರರು ಕಣದ ಕಟ್ಟೆ ಒಡೆದು ನೀರನ್ನು ಹಳ್ಳಕ್ಕೆ ಬಿಟ್ಟು, ಗುದ್ದಲಿ ಹಿಡಿದೇ ತಲೆಯೆತ್ತಿ ನಿಂತರು. ನಾನೂ ಓಡಿಹೋಗಿ ಕಾಫಿ ಬಾಚಬೇಕಾಗಿತ್ತು. ಬಾಚಲಿಲ್ಲ. ಅಮ್ಮನ ಪಕ್ಕದಲ್ಲೇ ನಿಂತು ಹುಚ್ಚಿಯ ಹಾಗೆ ಚಪ್ಪಾಳೆ ತಟ್ಟಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಕ್ರ ಪೂರ್ತಿ ಒಂದು ಸುತ್ತು ಬಂತು, ಇನ್ನೊಂದು ಸುತ್ತಿಗೆ ಇಳಿಯಿತು, ಅಮ್ಮನ ಹೆಗಲು ಹಲಗೆಯಡಿಯಲ್ಲೇ ಇತ್ತು.